ದಯವಿಟ್ಟು ಅನ್ನಬೇಡಿ, ಜಾಗ ಬಿಡಿಸಿ

ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಜಗಳ ಆಯ್ತು. ದೊಡ್ಡದೇನಲ್ಲ, ಕಾಫಿ ಆರಿ ತಣ್ಣಗಾಗುವಷ್ಟು ಹೊತ್ತಿನದ್ದು. ಬಸ್ಸಿನ ರಶ್ಶಿನ ಬಗ್ಗೆ ಮಾತು ಬಂತು. ನನ್ನ ಟೀಮಿನ ಗೆಳೆಯನೊಬ್ಬ (ಒಳ್ಳೆಯವನೇ, ಯಾರಿಗಾದರೂ ರಕ್ತ ಬೇಕು ಅಂದ್ರೆ ಮೊದಲು ಓಡುವವನು) ಹೀಗಂದ: "ಅಲ್ಲ ಮಾರಾಯ, ನಿಂತ್ಕೊಳ್ಳೋಕೇ ಜಾಗ ಇಲ್ಲದಿರೋ ಬಸ್ಸಿಗೆ ಬೆಳಿಗ್ಗೆ ಒಂಬತ್ತು ಗಂಟೆಗೆ ವೀಲ್‌ಚೇರ್ ತಗೊಂಡು ಬಂದ್ರೆ ಹೇಗೆ? ಹನ್ನೊಂದರ ಮೇಲೆ ಬಂದ್ರೆ ಅವರಿಗೂ ಆರಾಮು, ನಮಗೂ ಆರಾಮು." ಟೇಬಲ್ಲಿನಲ್ಲಿದ್ದವರಲ್ಲಿ ಮೂವರು ತಲೆಯಾಡಿಸಿದರು. ನಾನು ರೇಗಿದೆ. ಯಾಕಷ್ಟು ರೇಗಿದೆ ಅಂತ ಆಮೇಲೆ ಯೋಚಿಸಿದಾಗ ಗೊತ್ತಾಯ್ತು, ಆ ಮಾತು ಒಂದು ಕಾಲಕ್ಕೆ ನನ್ನದೂ ಆಗಿತ್ತು. ಬಾಯಲ್ಲಿ ಹೇಳಿರಲಿಲ್ಲ ಅಷ್ಟೇ, ಬಸ್ಸಿನಲ್ಲಿ ಮಾಡಿ ತೋರಿಸಿದ್ದೆ.

ಆ ಕಥೆ ಹೇಳಿಬಿಡ್ತೀನಿ. ಯಾವ ಊರು, ಯಾವ ರೂಟು ಅಂತ ಹೇಳಲ್ಲ. ಹೇಳಿದ್ರೆ ಎಲ್ಲರೂ ಸೇರಿ ಆ ಕಂಡಕ್ಟರನ್ನ ಬೈತಾರೆ. ಬೈಸಿಕೊಳ್ಳಬೇಕಾದವನು ನಾನು.

ಕೆಲಸಕ್ಕೆ ಸೇರಿದ ಹೊಸತು. ಲೋ-ಫ್ಲೋರ್ ಬಸ್ಸು. ಈ ಬಸ್ಸುಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ, ಮಧ್ಯದ ಬಾಗಿಲಿನ ಎದುರಿಗೆ ಸೀಟಿಲ್ಲದ ಒಂದು ಖಾಲಿ ಜಾಗ ಇರುತ್ತೆ. ಪಕ್ಕದಲ್ಲಿ ವೀಲ್‌ಚೇರಿನ ಚಿತ್ರ. ಒರಗಿಕೊಳ್ಳೋಕೆ ಚೆನ್ನಾಗಿರುತ್ತೆ, ಲ್ಯಾಪ್‌ಟಾಪ್ ಬ್ಯಾಗ್ ಇಳಿಸೋಕೆ ಜಾಗ ಇರುತ್ತೆ, ಯಾರೂ ಕಾಲು ತುಳಿಯಲ್ಲ. ಅದು ನನ್ನ ಖಾಯಂ ಜಾಗ. ಅವತ್ತು ನನ್ನ ಜೊತೆ ಇನ್ನೂ ಮೂವರಿದ್ದರು, ನಮ್ಮ ನಾಲ್ಕು ಬ್ಯಾಗುಗಳೂ ನೆಲದ ಮೇಲಿದ್ದವು. ಒಂದು ಸ್ಟಾಪಿನಲ್ಲಿ ಬಾಗಿಲು ತೆರೆದಾಗ ಕೆಳಗೆ ವೀಲ್‌ಚೇರಿನಲ್ಲಿ ನಲವತ್ತರ ಆಸುಪಾಸಿನ ಒಬ್ಬರು. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು, ತೊಡೆ ಮೇಲೆ ಊಟದ ಬ್ಯಾಗು. ಅಂದ್ರೆ ಅವರೂ ನನ್ನ ಹಾಗೇ ಕೆಲಸಕ್ಕೆ ಹೊರಟವರು. ಕಂಡಕ್ಟರ್ ನಮ್ಮ ಕಡೆ ನೋಡಿ "ಸ್ವಲ್ಪ ಜಾಗ ಮಾಡಿ ಸಾರ್, ಪ್ಲೀಸ್" ಅಂದರು. ನಾನು ಮೊಬೈಲ್ ನೋಡ್ತಾ ಇದ್ದೆ. ಅಂದ್ರೆ, ಮೊಬೈಲ್ ನೋಡ್ತಾ ಇರುವ ಹಾಗೆ ಇದ್ದೆ. ಉಳಿದ ಮೂವರೂ ಹಾಗೇ. ನಾಲ್ಕೈದು ಸೆಕೆಂಡ್ ಆಯ್ತು. "ತುಂಬಾ ರಶ್ಶಿದೆ ಸಾರ್, ಹಿಂದೆ ಇನ್ನೊಂದು ಬರುತ್ತೆ" ಅಂತ ಕಂಡಕ್ಟರ್ ಕೆಳಗಿದ್ದವರಿಗೆ ಹೇಳಿ ಸೀಟಿ ಊದಿದರು.

ಅವರು "ಪರವಾಗಿಲ್ಲ" ಅಂದರು. ಆ "ಪರವಾಗಿಲ್ಲ" ಎಷ್ಟು ಅಭ್ಯಾಸವಾಗಿತ್ತು ಅಂದ್ರೆ, ಬಾಗಿಲು ಮುಚ್ಚೋದಕ್ಕೆ ಮುಂಚೆಯೇ ಅವರು ಕುರ್ಚಿ ಹಿಂದಕ್ಕೆ ತಿರುಗಿಸಿಕೊಂಡಿದ್ದರು.

ನಾನು ಎರಡು ಹೆಜ್ಜೆ ಹಿಂದಕ್ಕೆ ಹೋಗಿದ್ದರೆ ಸಾಕಿತ್ತು. ಎರಡು ಹೆಜ್ಜೆ, ಒಂದು ಬ್ಯಾಗು.

ಇದಾಗಿ ಎಷ್ಟೋ ದಿನ ಆದಮೇಲೆ ಒಂದು ಕೋರ್ಟ್ ಕೇಸಿನ ಬಗ್ಗೆ ಓದಿದೆ. ಇಂಗ್ಲೆಂಡಿನದ್ದು. 2012ರ ಫೆಬ್ರವರಿ 24. ಡಗ್ ಪಾಲಿ ಎಂಬುವವರು ವೆದರ್‌ಬಿ ಅನ್ನೋ ಊರಿನಿಂದ ಲೀಡ್ಸಿಗೆ ಬಸ್ ಹತ್ತೋಕೆ ಬಂದರು. ಲೀಡ್ಸಿನಿಂದ ರೈಲು ಹಿಡಿದು ಅಪ್ಪ ಅಮ್ಮನ ಜೊತೆ ಊಟಕ್ಕೆ ಹೋಗೋದಿತ್ತು. ಬಸ್ಸಿನ ವೀಲ್‌ಚೇರ್ ಜಾಗದಲ್ಲಿ ಒಬ್ಬ ತಾಯಿ, ತಳ್ಳುಗಾಡಿಯಲ್ಲಿ ಮಲಗಿದ ಮಗು. ಡ್ರೈವರ್ ಆಕೆಯನ್ನು ಕೇಳಿಕೊಂಡ. ಗಾಡಿ ಮಡಚೋಕೆ ಆಗಲ್ಲ ಅಂತ ಆಕೆ ಕದಲಲಿಲ್ಲ. "ಹಾಗಾದ್ರೆ ನನ್ನ ವೀಲ್‌ಚೇರನ್ನೇ ಮಡಚಿ ಮಾಮೂಲಿ ಸೀಟಿನಲ್ಲಿ ಕೂರ್ತೀನಿ" ಅಂತ ಪಾಲಿ ಹೇಳಿ ನೋಡಿದರು. ಮಡಚಿದ ಕುರ್ಚಿಯನ್ನು ಭದ್ರವಾಗಿ ಇಡೋಕೆ ವ್ಯವಸ್ಥೆ ಇಲ್ಲ ಅಂತ ಡ್ರೈವರ್ ಅದಕ್ಕೂ ಒಪ್ಪಲಿಲ್ಲ. ಅವರು ಮುಂದಿನ ಬಸ್ಸಿಗೆ ಕಾದರು, ರೈಲು ತಪ್ಪಿತು.

ಇಲ್ಲಿಗೆ ಮುಗಿದಿದ್ದರೆ ಅದು ಇನ್ನೊಂದು "ಪರವಾಗಿಲ್ಲ" ಆಗಿರೋದು. ಪಾಲಿ "ಪರವಾಗಿಲ್ಲ" ಅನ್ನಲಿಲ್ಲ, ಕೇಸು ಹಾಕಿದರು. ಆ ಬಸ್ಸಿನಲ್ಲಿದ್ದ ಬೋರ್ಡಿನ ಅರ್ಥ ಇಷ್ಟು: ದಯವಿಟ್ಟು ಈ ಜಾಗವನ್ನು ವೀಲ್‌ಚೇರಿನವರಿಗೆ ಬಿಟ್ಟುಕೊಡಿ. ಇಡೀ ಕೇಸು ನಿಂತಿದ್ದು ಆ "ದಯವಿಟ್ಟು" ಮೇಲೆ. ಫಸ್ಟ್‌ಗ್ರೂಪ್ ಕಂಪನಿಯ ನೀತಿ ಏನಾಗಿತ್ತು ಅಂದ್ರೆ, ಡ್ರೈವರ್ ಕೇಳಿಕೊಳ್ಳಬೇಕು, ಜನ ಒಪ್ಪದಿದ್ದರೆ ಅಲ್ಲಿಗೆ ಬಿಡಬೇಕು. ಕೆಳಗಿನ ಕೋರ್ಟು ಪಾಲಿಯವರಿಗೆ 5,500 ಪೌಂಡ್ ಪರಿಹಾರ ಕೊಡಿಸಿತು. 2014ರಲ್ಲಿ ಮೇಲ್ಮನವಿ ಕೋರ್ಟು ಅದನ್ನ ತಳ್ಳಿಹಾಕಿತು. ಕೊನೆಗೆ 2017ರ ಜನವರಿ 18ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು, ಬರೀ ಕೇಳಿಕೊಂಡು ಸುಮ್ಮನಾಗೋದು ಸಾಲದು ಅಂತ ಒಮ್ಮತದಿಂದ ಹೇಳಿದರು. ಪ್ರಯಾಣಿಕರು ಸುಮ್ಮಸುಮ್ಮನೆ ನಿರಾಕರಿಸ್ತಿದ್ದಾರೆ ಅನ್ನಿಸಿದರೆ ಡ್ರೈವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. "ಬಿಡ್ತೀರಾ" ಅನ್ನೋದನ್ನ "ಬಿಡಬೇಕು" ಅಂತ ಹೇಳಬೇಕು, ಬೇಕಾದ್ರೆ ಕೆಲವು ನಿಮಿಷ ಬಸ್ಸನ್ನೇ ಮುಂದಕ್ಕೆ ಬಿಡದೆ ನಿಲ್ಲಿಸಬೇಕು. ಒಪ್ಪದವರನ್ನ ಬಸ್ಸಿನಿಂದ ಇಳಿಸಲೇಬೇಕು ಅಂತೇನೂ ಹೇಳಲಿಲ್ಲ. ಪರಿಹಾರದ ವಿಷಯದಲ್ಲಿ ನ್ಯಾಯಮೂರ್ತಿಗಳಲ್ಲೇ ಭಿನ್ನಾಭಿಪ್ರಾಯ ಬಂದು, ಆ ದುಡ್ಡೂ ಪಾಲಿಯವರಿಗೆ ಸಿಗಲಿಲ್ಲ. ಆದರೆ ಕೇಳಿಕೊಳ್ಳೋದಕ್ಕೂ ಹೇಳೋದಕ್ಕೂ ಇರುವ ವ್ಯತ್ಯಾಸ ತೀರ್ಪಿನಲ್ಲಿ ದಾಖಲಾಯ್ತು.

ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸ ಇನ್ನೂ ನಿಚ್ಚಳವಾಗಿದೆ ನೋಡಿ. ದಯವಿಟ್ಟು ಅಂದ್ರೇನು? ದಯೆ ಇಟ್ಟು. "ನನ್ನ ಮೇಲೆ ದಯೆ ಇಟ್ಟು ಜಾಗ ಕೊಡಿ." ಅಲ್ಲಿಗೆ ಕೇಳುವವನು ಕೆಳಗೆ, ಕೊಡುವವನು ಮೇಲೆ. ಕೊಟ್ಟರೆ ನಾನು ಪುಣ್ಯಾತ್ಮ, ಕೊಡದಿದ್ದರೆ ಪಾಪಿಯೇನಲ್ಲ, ಇವತ್ತು ದಯೆ ಬರಲಿಲ್ಲ ಅಷ್ಟೇ. ಅವತ್ತು ನಾನು ಮೊಬೈಲ್ ನೋಡ್ತಾ ನಿಂತಿದ್ದು ಈ ಲೆಕ್ಕದ ಮೇಲೆ. ಆದರೆ ಆ ಜಾಗ ನನ್ನದಾಗಿರಲೇ ಇಲ್ಲ. ನನ್ನದಲ್ಲದ್ದನ್ನ ದಯೆ ಇಟ್ಟು ಕೊಡೋಕೆ ನಾನ್ಯಾರು? ಬೇರೆಯವರ ಸೈಟಿನಲ್ಲಿ ಶೆಡ್ ಹಾಕಿಕೊಂಡವನು, ಮಾಲೀಕ ಬಂದಾಗ "ಇವತ್ತು ಆಗಲ್ಲ, ತುಂಬಾ ರಶ್ಶಿದೆ" ಅಂದ ಹಾಗಾಯ್ತು.

ಇದೆಲ್ಲ ಫಾರಿನ್ನಿನ ಮಾತು, ನಮ್ಮ ಜನಕ್ಕೆ ಹೇಳಿ ಪ್ರಯೋಜನ ಇಲ್ಲ ಅಂತೀರಾ? ನಾನು ಒಪ್ಪಲ್ಲ. ಬಸ್ಸಿನ ಜಾಗದ ವಿಷಯದಲ್ಲಿ ನಮ್ಮಷ್ಟು ಕಾನೂನು ಪಾಲಿಸುವ ಜನ ಇಲ್ಲ! ಜಾತ್ರೆ ಸಮಯದಲ್ಲಿ ಊರಿನ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಒಬ್ಬ ಕಿಟಕಿಯಿಂದ ಸೀಟಿನ ಮೇಲೆ ಟವಲ್ ಎಸೀತಾನೆ. ಆಮೇಲೆ ಒಳಗೆ ಹತ್ತಿದವರು ಆ ಟವಲ್ ನೋಡಿ ಮುಂದಕ್ಕೆ ಹೋಗ್ತಾರೆ. ಬೆವರು ಒರೆಸಿದ ಒಂದು ಟವಲ್ಲಿಗೆ ಅಷ್ಟು ಮರ್ಯಾದೆ! ಅದೇ ನಾವು, ಸರ್ಕಾರದ ದುಡ್ಡಿನಲ್ಲಿ ಚಿತ್ರ ಬರೆದು ಬಿಟ್ಟ ಜಾಗಕ್ಕೆ ಆ ಟವಲ್ಲಿನಷ್ಟೂ ಬೆಲೆ ಕೊಡಲ್ಲ.

ಇನ್ನೊಂದು ಉದಾಹರಣೆ. "ಏಳ್ರೀ, ಲೇಡೀಸ್ ಸೀಟು." ಈ ಮಾತಿನಲ್ಲಿ ದಯವಿಟ್ಟು ಇದೆಯಾ? ಇಲ್ಲ. ಕಂಡಕ್ಟರ್ ಹೇಳ್ತಾರೆ, ಗಂಡಸು ಎದ್ದು ನಿಲ್ತಾನೆ. ಸ್ವಲ್ಪ ಗೊಣಗಬಹುದು, ಆದರೆ ಏಳ್ತಾನೆ. ಏಳದಿದ್ದರೆ ಇಡೀ ಬಸ್ಸು ತಿರುಗಿ ನೋಡುತ್ತೆ. ಬೆಂಗಳೂರಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತ ಗಂಡಸರಿಗೆ ದಂಡ ಹಾಕಿರೋದೂ ಇದೆ. ಹಾಗೆ ಸೀಟು ಸಿಕ್ಕ ಹೆಂಗಸು "ನಿಮ್ಮಿಂದ ಉಪಕಾರ ಆಯ್ತು" ಅಂತ ಕೈ ಮುಗೀಬೇಕಾಗಿಲ್ಲ. ಅಂದ್ರೆ, ಹಕ್ಕಿನ ಜಾಗ ಬಿಡಿಸೋದು ಹೇಗೆ ಅಂತ ನಮ್ಮ ಕಂಡಕ್ಟರುಗಳಿಗೆ ಗೊತ್ತು, ನಮಗೂ ಗೊತ್ತು. ಕಲಿಯೋದು ಏನೂ ಉಳಿದಿಲ್ಲ. ಅದೇ ಗಂಟಲಿನಲ್ಲಿ "ಸರೀರಿ, ವೀಲ್‌ಚೇರ್ ಜಾಗ" ಅನ್ನೋದು ಮಾತ್ರ ಬಾಕಿ.

ಈಗ ಕ್ಯಾಂಟೀನಿನ ವಾದಗಳಿಗೆ ಬರ್ತೀನಿ. ಅವತ್ತು ರೇಗಿದ್ದರಿಂದ ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ :-)

ಮೊದಲನೆಯದು, ರಶ್ಶಿಲ್ಲದ ಹೊತ್ತಿನಲ್ಲಿ ಬರಲಿ ಅನ್ನೋದು. ಒಂಬತ್ತು ಗಂಟೆಗೆ ಬಸ್ ರಶ್ ಯಾಕಿರುತ್ತೆ? ಆಫೀಸು, ಕಾಲೇಜು, ಕೋರ್ಟು ಎಲ್ಲ ಆ ಹೊತ್ತಿಗೇ ಶುರುವಾಗೋದ್ರಿಂದ. ವೀಲ್‌ಚೇರಿನವರಿಗೆ ಹನ್ನೊಂದರ ಮೇಲೆ ಬನ್ನಿ ಅಂದ್ರೆ, ಕೆಲಸಕ್ಕೆ ಹೋಗಬೇಡಿ, ಪರೀಕ್ಷೆ ಬರೀಬೇಡಿ ಅಂದ ಹಾಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಲೂ ಇದೇ ಥರದ ಮಾತು ಕೇಳಿದ್ವಿ, "ಹೆಂಗಸರು ಸುಮ್ನೆ ತಿರುಗಾಡ್ತಾರೆ, ಕೆಲಸಕ್ಕೆ ಹೋಗೋರಿಗೆ ಜಾಗ ಇಲ್ಲ" ಅಂತ. ಬೇರೆಯವರ ಪ್ರಯಾಣ ತಿರುಗಾಟ, ನಮ್ಮದು ಮಾತ್ರ ಕೆಲಸ!

ಎರಡನೆಯದು, ಟೈಮು. ಒಬ್ಬರಿಗೋಸ್ಕರ ಅರವತ್ತು ಜನ ಎರಡು ಮೂರು ನಿಮಿಷ ಕಾಯಬೇಕಾ? ಸ್ವಾಮಿ, ಇದೇ ಅರವತ್ತು ಜನ ಸಿಗ್ನಲ್ಲಿನಲ್ಲಿ ಕಾಯ್ತಾರೆ, ಯಾರೋ ಐನೂರರ ನೋಟು ಕೊಟ್ಟಿದ್ದಕ್ಕೆ ಚಿಲ್ಲರೆಗೆ ಕಾಯ್ತಾರೆ, ಬಾಗಿಲಿಗೆ ಜೋತುಬಿದ್ದವರು ಒಳಗೆ ಹೋಗೋವರೆಗೂ ಕಾಯ್ತಾರೆ. ಅಲ್ಲೆಲ್ಲ ಬಾರದ ಸಿಟ್ಟು ವೀಲ್‌ಚೇರಿನ ಎರಡು ನಿಮಿಷಕ್ಕೆ ಯಾಕೆ? ಅದೂ ಅಲ್ಲದೆ, ಆ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಹೋಗೋದು ರ್‍ಯಾಂಪಿಗಲ್ಲ, ನಮ್ಮಂಥವರು "ನಾನಾ? ನಾನು ಸರೀಬೇಕಾ?" ಅಂತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳೋದಕ್ಕೆ.

ಮೂರನೆಯದು, "ಆ ಜಾಗ ಯಾವಾಗಲೂ ಖಾಲಿ ಇರುತ್ತೆ, ಯಾರೂ ಬರೋದೇ ಇಲ್ಲ." ನಾವೆಲ್ಲ ಸಾಫ್ಟ್‌ವೇರ್ ಜನ ಕೂತು ಇದನ್ನ ಹೇಳ್ತೀವಲ್ಲ, ಅದೇ ನನಗೆ ಆಶ್ಚರ್ಯ. ಸರ್ವರಿನ ಲಾಗಿನಲ್ಲಿ ಒಂದು ರಿಕ್ವೆಸ್ಟೂ ಇಲ್ಲ ಅಂದ್ರೆ, ಯಾರಿಗೂ ಸೈಟು ಬೇಡ ಅಂತಲಾ? ನೆಟ್‌ವರ್ಕ್ ಎಲ್ಲೋ ಕಡಿದಿದೆ ಅಂತ ಮೊದಲು ನೋಡ್ತೀವಿ ತಾನೇ? ಮನೆ ಗೇಟಿನಿಂದ ಬಸ್ಸಿನವರೆಗೆ ದಾರಿ ನೋಡಿ. ಫುಟ್‌ಪಾತಿನ ಎತ್ತರ, ಕಿತ್ತುಹೋದ ಕಲ್ಲು, ಅದರ ಮೇಲೆ ನಿಂತ ಬೈಕು, ಚರಂಡಿ, ಸ್ಟಾಪಿನಿಂದ ನಾಲ್ಕಡಿ ದೂರ ನಿಲ್ಲುವ ಬಸ್ಸು, ಆಮೇಲೆ ಬಾಗಿಲಲ್ಲಿ ನಾನು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಮನುಷ್ಯ ಮನೆಯಲ್ಲೇ ಉಳೀತಾನೆ. ನಾವು ಖಾಲಿ ಜಾಗ ನೋಡಿ "ಬೇಡಿಕೆ ಇಲ್ಲ" ಅಂತ ರಿಪೋರ್ಟ್ ಬರೀತೀವಿ.

ನಾಲ್ಕನೆಯದು, ಇದು ಸ್ವಲ್ಪ ನಾಜೂಕಿನದು. "ನಮ್ಮ ಜನ ಒಳ್ಳೆಯವರು, ನಾಲ್ಕು ಜನ ಸೇರಿ ಎತ್ತಿ ಒಳಗೆ ಕೂರಿಸ್ತಾರೆ." ಹೌದು, ಕೂರಿಸ್ತಾರೆ, ನಾನೂ ನೋಡಿದೀನಿ. ಆದರೆ ಒಂದು ಸಲ ನಿಮ್ಮನ್ನೇ ಅಲ್ಲಿಟ್ಟು ಯೋಚಿಸಿ. ದಿನಾ ಬೆಳಿಗ್ಗೆ ಗುರುತಿಲ್ಲದ ನಾಲ್ಕು ಜನ ನಿಮ್ಮ ಕಂಕುಳಿಗೆ, ತೊಡೆಗೆ ಕೈ ಹಾಕಿ ಮೂಟೆ ಥರ ಎತ್ತೋದು, ಶರ್ಟು ಮೇಲೆ ಹೋಗೋದು, ಇಡೀ ಬಸ್ಸು "ಪಾಪ" ಅನ್ನೋದು. ಹೆಣ್ಣುಮಗಳಾದರೆ? ಬೆನ್ನುಹುರಿಗೆ ಪೆಟ್ಟಾದವರನ್ನ ಹಾಗೆ ಎತ್ತಿ ಇನ್ನಷ್ಟು ಪೆಟ್ಟು ಮಾಡಿದರೆ? ಎತ್ತುವ ಕೈಗಳನ್ನ ನಾನು ಹಳಿಯುತ್ತಿಲ್ಲ. ಆದರೆ ಎತ್ತೋ ಜನ ಇದ್ದಾರೆ ಅನ್ನೋದೇ ರ್‍ಯಾಂಪ್ ಇಲ್ಲದಿರೋದಕ್ಕೆ ನೆಪ ಆಗಬಾರದು. ಸಿಕ್ಕಿದಾಗ ಸಿಗುವ ಕರುಣೆ ನೆಚ್ಚಿಕೊಂಡು ಯಾರೂ ಅಟೆಂಡೆನ್ಸ್ ಹಾಕೋಕಾಗಲ್ಲ.

ಇನ್ನು ಮಗು ಎತ್ತಿಕೊಂಡ ತಾಯಿ, ವಯಸ್ಸಾದ ಅಜ್ಜಿ, ಅವರದ್ದೂ ಕಷ್ಟ ಅಲ್ಲವಾ? ಖಂಡಿತ. ಆದರೆ ಇದು ಯಾರ ಕಷ್ಟ ದೊಡ್ಡದು ಅನ್ನೋ ಸ್ಪರ್ಧೆ ಅಲ್ಲ. ಯಾರಿಗೆ ಬೇರೆ ದಾರಿ ಇದೆ ಅನ್ನೋದು ಪ್ರಶ್ನೆ. ಅಜ್ಜಿಗೆ ಯಾವ ಸೀಟಾದರೂ ಆಗುತ್ತೆ, ನಾನೋ ನೀವೋ ಎದ್ದರೆ ಸಾಕು. ಮಗುವನ್ನ ಎತ್ತಿಕೊಂಡು ತಳ್ಳುಗಾಡಿ ಮಡಚಬಹುದು. ವೀಲ್‌ಚೇರಿಗೆ ಇಡೀ ಬಸ್ಸಿನಲ್ಲಿ ಇರೋದು ಅದೊಂದೇ ಜಾಗ. ಬ್ರಿಟನ್ನಿನ ನಿಯಮದಲ್ಲಿ ಆ ಜಾಗದ ಅಳತೆ 1300 ಮಿಲಿಮೀಟರ್ ಉದ್ದ, 750 ಮಿಲಿಮೀಟರ್ ಅಗಲ. ಒಂದು ಆಫೀಸ್ ಮೇಜಿನಷ್ಟು. ಅಲ್ಲಿನ ಡ್ರೈವರುಗಳ ನಿಯಮದಲ್ಲಿ ಇನ್ನೊಂದು ಸೊಗಸಾದ ಮಾತಿದೆ: ಅಲ್ಲಿ ನಿಂತವರು ಸುಲಭವಾಗಿ ಬಸ್ಸಿನ ಬೇರೆ ಕಡೆಗೆ ಸರಿಯೋಕೆ ಸಾಧ್ಯವಿದ್ದರೆ, ಆ ಜಾಗ ಭರ್ತಿಯಾಗಿದೆ ಅಂತ ಲೆಕ್ಕವೇ ಇಲ್ಲ. ಅಂದ್ರೆ ಅವತ್ತು ನಮ್ಮ ನಾಲ್ಕು ಜನರಿಂದ, ನಾಲ್ಕು ಬ್ಯಾಗಿನಿಂದ "ತುಂಬಿದ್ದ" ಜಾಗ, ಆ ಲೆಕ್ಕದಲ್ಲಿ ಖಾಲಿ!

ಅಲ್ಲಿಯವರಿಗೂ ಇದೆಲ್ಲ ಯಾರೋ ದಯೆ ಇಟ್ಟು ಕೊಟ್ಟಿದ್ದಲ್ಲ. 1978ರ ಜುಲೈನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಹತ್ತೊಂಬತ್ತು ಜನ ಅಂಗವಿಕಲರು ಎರಡು ಬಸ್ಸುಗಳಿಗೆ ಅಡ್ಡ ನಿಂತು ರಾತ್ರಿಯೆಲ್ಲ ರಸ್ತೆಯಲ್ಲೇ ಕಳೆದರು. 1990ರ ದಶಕದಲ್ಲಿ ಲಂಡನ್ನಿನಲ್ಲಿ ಬಸ್ಸುಗಳಿಗೆ ಕೈಕೋಳ ಹಾಕಿಕೊಂಡು ಪ್ರತಿಭಟಿಸಿದರು. ಆಮೇಲೆ ಬಂದ ಲೋ-ಫ್ಲೋರ್ ಬಸ್ಸಿನಲ್ಲಿ ಎಲ್ಲರಿಗಿಂತ ಆರಾಮಾಗಿ ಹತ್ತಿದ್ದು ತಳ್ಳುಗಾಡಿಯ ಅಮ್ಮಂದಿರು, ಮಂಡಿನೋವಿನ ಅಜ್ಜಿಯರು, ಸೂಟ್‌ಕೇಸಿನವರು. ಆ ಜಾಗಕ್ಕೆ ಬಡಿದಾಡಿದವರು ಮಾತ್ರ ಇನ್ನೂ ಬಾಗಿಲಲ್ಲೇ ನಿಂತು ಕೇಳಿಕೊಳ್ಳಬೇಕಾ?

ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಆರು ತಿಂಗಳು ಲಂಡನ್ನಿನಲ್ಲಿದ್ದೆ. ಅಲ್ಲಿ ಒಂದು ಸಂಜೆ, ಬಸ್ಸು ತುಂಬಿತ್ತು, ಸ್ಟಾಪಿನಲ್ಲಿ ವೀಲ್‌ಚೇರಿನಲ್ಲಿ ಒಬ್ಬ ಹುಡುಗಿ. ಇಳಿಯುವವರೆಲ್ಲ ಇಳಿದರು, ಬಾಗಿಲು ಮುಚ್ಚಿತು, ಕೀಂ ಕೀಂ ಅಂತ ಸದ್ದು ಮಾಡುತ್ತಾ ರ್‍ಯಾಂಪ್ ಹೊರಗೆ ಬಂತು, ಮಧ್ಯದ ಬಾಗಿಲು ತೆರೆಯಿತು. ಆಕೆ ಹತ್ತಿ ತನ್ನ ಜಾಗಕ್ಕೆ ಹೋದಮೇಲೆ ಮುಂದಿನ ಬಾಗಿಲಿನ ಕ್ಯೂ ಒಳಗೆ ಬಂತು. ಯಾರೂ "ಪಾಪ" ಅನ್ನಲಿಲ್ಲ. ಆಕೆ ಯಾರಿಗೂ ಥ್ಯಾಂಕ್ಸ್ ಹೇಳುತ್ತಾ ಕೂರಲಿಲ್ಲ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. ಆ ಐಡಿ ಕಾರ್ಡಿನವರ ನೆನಪಾಯ್ತು.

ನಮ್ಮಲ್ಲೂ ಕಾನೂನಿಗೆ ಬರ ಇಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲೇ ಬಸ್ಸುಗಳನ್ನ ಹೊಂದಿಸಬೇಕು ಅಂತಿತ್ತು, ಆದರೆ "ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ" ಅಂತ ಬಾಲವೂ ಇತ್ತು. 2016ರ ಕಾಯ್ದೆಯ 41ನೇ ಸೆಕ್ಷನ್ ಸಾರಿಗೆಯ ಬಗ್ಗೆಯೇ ಇದೆ, ಹಳೆ ಬಸ್ಸು ರೈಲುಗಳ ವಿಷಯ ಬಂದಾಗ ಅಲ್ಲೂ "ಸಾಧ್ಯವಾದರೆ" ಅನ್ನೋ ಅರ್ಥದ ಬಾಲ. 2024ರ ನವೆಂಬರ್ 8ರಂದು ನಮ್ಮ ಸುಪ್ರೀಂ ಕೋರ್ಟು, 2005ರಲ್ಲಿ ರಾಜೀವ್ ರತೂರಿ ಹಾಕಿದ್ದ ಅರ್ಜಿಯ ಮುಂದುವರಿದ ವಿಚಾರಣೆಯಲ್ಲಿ, ಆ ಕಾಯ್ದೆಯ 15ನೇ ನಿಯಮವನ್ನೇ ತಳ್ಳಿಹಾಕಿತು. ಕಾರಣ? ಕಡ್ಡಾಯ ಆಗಬೇಕಾದ್ದನ್ನ ಆ ನಿಯಮ ಬರೀ ಸಲಹೆ ಮಾಡಿಟ್ಟಿತ್ತು. ಕಡ್ಡಾಯವಾದ ನಿಯಮಗಳನ್ನ ಮೂರು ತಿಂಗಳೊಳಗೆ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಲಂಡನ್ನಿನ ಕೋರ್ಟು ಒಂದು ಬಸ್ಸಿನ ಬೋರ್ಡಿನ ಬಗ್ಗೆ ಹೇಳಿದ್ದೂ, ದೆಹಲಿಯ ಕೋರ್ಟು ಇಡೀ ದೇಶದ ನಿಯಮದ ಬಗ್ಗೆ ಹೇಳಿದ್ದೂ ಒಂದೇ ಮಾತು: ದಯವಿಟ್ಟು ಅನ್ನೋದು ಸಾಲದು.

ಸರಿ, ಬಸ್ಸುಗಳೇ ಎತ್ತರ ಅಲ್ಲವಾ ಅಂತೀರಿ. ಒಪ್ಪಿದೆ. ಲೋ-ಫ್ಲೋರ್ ಬಸ್ಸಿನ ನೆಲ 400 ಮಿಲಿಮೀಟರ್ ಎತ್ತರ, ಮಾಮೂಲಿ ಬಸ್ಸಿನದು ಸುಮಾರು 900, ಅಂದ್ರೆ ಹತ್ತಿರ ಹತ್ತಿರ ಮೂರಡಿ. ಮೆಟ್ಟಿಲಿರೋ ಬಸ್ಸಿಗೆ ನಮ್ಮ ಶಿಷ್ಟಾಚಾರದಿಂದ ರ್‍ಯಾಂಪ್ ಹುಟ್ಟಲ್ಲ. ಅದಕ್ಕೆ ಟೆಂಡರು ಬರೆಯುವವರನ್ನ ಹಿಡಿದು ಕೇಳಬೇಕು. ಆದರೆ ಲೋ-ಫ್ಲೋರ್ ಬಸ್ಸುಗಳು ಬೆಂಗಳೂರಿಗೆ 2006ರ ಸುಮಾರಿಗೇ ಬಂದವು. ಬಂದಷ್ಟು ಬಸ್ಸಿನಲ್ಲಾದರೂ ನಾವು ಬಾಗಿಲು ಬಿಟ್ಟಿದೀವಾ? ಟೆಂಡರಿಗೆ ಕಾಯದೆ ನಾಳೆ ಬೆಳಿಗ್ಗೆಯೇ ಮಾಡಬಹುದಾದ್ದು ಇಷ್ಟು:

1. ವೀಲ್‌ಚೇರಿನವರು ಸ್ಟಾಪಿನಲ್ಲಿದ್ದರೆ ಬಾಗಿಲಿಗೆ ನುಗ್ಗಬೇಡಿ. ಇಳಿಯುವವರು ಮೊದಲು, ಆಮೇಲೆ ವೀಲ್‌ಚೇರು, ಆಮೇಲೆ ನಾವು.

2. ಆ ಜಾಗದಲ್ಲಿ ನಿಂತಿದ್ದರೆ, ಯಾರಾದರೂ ಕೇಳೋವರೆಗೆ ಕಾಯಬೇಡಿ. ಬ್ಯಾಗು ಎತ್ತಿಕೊಳ್ಳಿ, ಸರಿಯಿರಿ. ಸರಿಯೋಕೆ ಜಾಗವೇ ಇಲ್ಲದಿದ್ದರೆ ಒಂದು ನಿಮಿಷ ಕೆಳಗಿಳಿದು ಮತ್ತೆ ಹತ್ತಿ. ಜಾತ್ರೆ ಬಸ್ಸಿನಲ್ಲಿ ಅದನ್ನೇ ಮಾಡ್ತೀವಿ.

3. ಕೇಳದೆ ಕುರ್ಚಿ ತಳ್ಳಬೇಡಿ. ಅದು ಅವರ ಕಾಲು. "ಸಹಾಯ ಬೇಕಾ?" ಅಂತ ಅವರನ್ನೇ ಕೇಳಿ, ಜೊತೆಗಿರುವವರನ್ನಲ್ಲ. ಬೇಡ ಅಂದ್ರೆ ಬೇಡ.

4. ಕಂಡಕ್ಟರ್ ಒಬ್ಬರೇ ಹೇಳ್ತಿದ್ದರೆ ದನಿಗೂಡಿಸಿ. ಒಬ್ಬರು "ಸರೀರಿ" ಅಂದ್ರೆ ಇನ್ನೊಬ್ಬರಿಗೂ ಬಾಯಿ ಬರುತ್ತೆ. ಅವತ್ತು ನಮ್ಮ ನಾಲ್ವರಲ್ಲಿ ಒಬ್ಬ ಕದಲಿದ್ದರೂ ಉಳಿದವರು ಕದಲುತ್ತಿದ್ದೆವು ಅಂತ ನನಗೆ ಖಾತ್ರಿ.

5. ಕಂಡಕ್ಟರುಗಳಿಗೆ, ಡ್ರೈವರುಗಳಿಗೆ ಒಂದು ಮಾತು: ಪ್ಲೀಸ್ ಅನ್ನಬೇಡಿ ಅಣ್ಣ. ಲೇಡೀಸ್ ಸೀಟಿಗೆ ಹೇಳೋ ಹಾಗೇ ಹೇಳಿ. ನಾವು ಗೊಣಗ್ತೀವಿ, ಆಮೇಲೆ ಸರೀತೀವಿ.

ಆ ಐಡಿ ಕಾರ್ಡಿನವರನ್ನ ಆಮೇಲೆ ಆ ಸ್ಟಾಪಿನಲ್ಲಿ ಹುಡುಕಿದೀನಿ. ಸಿಗಲಿಲ್ಲ. ಸಿಕ್ಕಿದ್ದರೂ ಏನು ಹೇಳ್ತಿದ್ದೆ ಗೊತ್ತಿಲ್ಲ. ಸಾರಿ ಅಂದಿದ್ದರೆ ಮತ್ತೆ ಅದೇ "ಪರವಾಗಿಲ್ಲ" ಅಂತಿದ್ದರೇನೋ. ಅದನ್ನ ಇನ್ನೊಂದು ಸಲ ಕೇಳುವ ಧೈರ್ಯ ನನಗಿಲ್ಲ. ಈಗ ಬಸ್ಸಿನಲ್ಲಿ ಆ ಜಾಗ ಖಾಲಿ ಕಂಡರೂ ನಾನು ಅಲ್ಲಿ ನಿಲ್ಲಲ್ಲ, ಹಿಂದಕ್ಕೆ ಹೋಗಿ ಜೋತಾಡ್ತೀನಿ. ಪುಣ್ಯಕ್ಕಲ್ಲ. ಅಲ್ಲಿ ಯಾರದ್ದೋ ಟವಲ್ ಇದೆ ಅಂದ್ಕೋತೀನಿ, ಅಷ್ಟೇ.

ಕ್ಯಾಂಟೀನಿನ ಗೆಳೆಯನಿಗೆ ಇದನ್ನ ಓದೋಕೆ ಕಳಿಸ್ತಿದೀನಿ. ಅವನು ಏನಂತಾನೋ ನೋಡೋಣ. ನೀವೇನಂತೀರಿ?